ಅಜ್ಜಿ ಮಂಚ ಬಿಟ್ಟು ಏಳಲ್ಲ ಅಂತಾರೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಾನು ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಫೈನಲ್ ಇಯರ್, ಈಗ ಆರ್ಥೋ ವಾರ್ಡಲ್ಲಿ, ಅಂದ್ರೆ ಮೂಳೆ ಕೀಲಿನ ವಾರ್ಡಲ್ಲಿ ಪೋಸ್ಟಿಂಗ್. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೀಲು ಬದಲಾಯಿಸಿರೋ 72 ವರ್ಷದ ಅಜ್ಜಿನ ಆಪರೇಷನ್ ಮಾರನೇ ದಿನ ವಾಕರ್ ಕೊಟ್ಟು ನಿಲ್ಲಿಸಿದೆ, ಒಂದೇ ನಿಮಿಷಕ್ಕೆ ಕಣ್ಣು ಕತ್ಲೆ ಬಂದು ಕುಸಿದ್ರು, ಸಿಸ್ಟರ್ ಹಿಡ್ಕೊಂಡಿದ್ದಕ್ಕೆ ಬಚಾವ್. ಅವತ್ತಿಂದ ನನ್ನ ನೋಡಿದ್ರೆ ಮುಖ ತಿರುಗಿಸ್ತಾರೆ. ಮಗ ಬೇರೆ "ಎಕ್ಸರ್‌ಸೈಜ್ ಬೇಡಮ್ಮ, ಎಣ್ಣೆ ಹಾಕಿ ಕಾಲು ತಿಕ್ಕಿಬಿಡು" ಅಂತಾರೆ. ನಾನು ಈ ಫೀಲ್ಡಿಗೆ ಲಾಯಕ್ಕಿಲ್ವಾ?
– ಹೆಸರು ಬೇಡ, ಹಾಸನ

ಉತ್ತರ: ಲಾಯಕ್ಕಿನ ಮಾತು ಆಮೇಲೆ ನೋಡೋಣ. ಅಜ್ಜಿ ಆವತ್ತು ಬೆಳಗ್ಗೆಯಿಂದ ಎಷ್ಟು ನೀರು ಕುಡಿದಿದ್ರು, ಕೇಳಿದ್ಯಾ? ಕೇಳಿರಲ್ಲ, ನಾನೂ ಸ್ಟೂಡೆಂಟ್ ಆಗಿದ್ದಾಗ ಕೇಳ್ತಿರ್ಲಿಲ್ಲ. ನಮ್ಮ ಕಡೆ ಹೆಂಗಸ್ರಿಗೆ ಬೆಡ್‌ಪ್ಯಾನ್ ಅಂದ್ರೆ ಪ್ರಾಣ ಹೋದಷ್ಟು ನಾಚಿಕೆ, ವಾರ್ಡ್ ತುಂಬ ಜನ, ಅಡ್ಡಕ್ಕೊಂದು ಕರ್ಟನ್, ಅದಕ್ಕೇ ನೀರೇ ಕುಡಿಯಲ್ಲ. ಮೊದ್ಲೇ ಆಪರೇಷನ್ನಲ್ಲಿ ರಕ್ತ ಹೋಗಿರುತ್ತೆ, ನೋವಿನ ಔಷಧಿ ಮಂಪರು ಇರುತ್ತೆ, ಮೇಲೆ ಇದೊಂದು, ನಿಲ್ಲಿಸಿದ ತಕ್ಷಣ ರಕ್ತ ಕಾಲಿಗೆ ಇಳಿದು ಬಿಪಿ ಡೌನ್. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಇಳಿದ್ರೂ ಲೆಕ್ಕಕ್ಕೆ ತಗೋಬೇಕು.

ಹಾಗಾಗಿ ಮೊದ್ಲು ಕೇಸ್ ಶೀಟ್. ಹಿಮೋಗ್ಲೋಬಿನ್ ಎಷ್ಟು, ಕಾಲ ಮೇಲೆ ಎಷ್ಟು ಭಾರ ಹಾಕ್ಬೋದು ಅಂತ ಸರ್ಜನ್ ಬರೆದಿದ್ದಾರಾ, ನೋವಿನ ಮಾತ್ರೆ ಯಾವಾಗ ಕೊಟ್ರು. ಆಮೇಲೆ ಮಂಚದ ತಲೆಭಾಗ ಎತ್ತು, ಪಾದ ಮೇಲೆ ಕೆಳಗೆ ಆಡಿಸ್ಲಿ, ಅಂಚಲ್ಲಿ ಕಾಲು ಇಳಿಬಿಟ್ಟು ಒಂದೈದು ನಿಮಿಷ ಮಾತಾಡಿಸ್ತಾ ಕೂರಿಸು, ಬಿಪಿ ನೋಡಿ ಆಮೇಲೆ ನಿಲ್ಲಿಸು, ಹಿಂದೆ ಒಂದು ಕುರ್ಚಿ ರೆಡಿ ಇರ್ಲಿ. ಮತ್ತೆ ಮೊದಲ ಸಲ ನಿಲ್ಲಿಸೋದು ಸ್ಟೂಡೆಂಟ್ ಒಬ್ಳೇ ಮಾಡೋ ಕೆಲಸಾನೇ ಅಲ್ಲ, ಇನ್‌ಚಾರ್ಜ್ ಫಿಸಿಯೋ ಪಕ್ಕದಲ್ಲಿ ಇರ್ಬೇಕಿತ್ತು, ಆ ತಪ್ಪನ್ನ ಪೂರ್ತಿ ನಿನ್ನ ತಲೆ ಮೇಲೆ ಹಾಕ್ಕೋಬೇಡ.

ನಾಳೆ ವಾಕರ್ ತಗೊಂಡು ಹೋಗ್ಬೇಡ. ಬರೀ ಕೈಯಲ್ಲಿ ಹೋಗಿ "ಅಜ್ಜಿ, ಆವತ್ತು ಅವಸರ ಮಾಡ್ಬಿಟ್ಟೆ" ಅನ್ನು. ಮನೆ ಹೆಂಗಿದೆ ಕೇಳು, ಹೊಸ್ತಿಲು ಎಷ್ಟೆತ್ತರ, ಪಾಯಖಾನೆ ಹಿತ್ಲಲ್ಲಾ ಒಳಗಾ, ಕುಕ್ಕರಗಾಲಲ್ಲಿ ಕೂರೋದಾ. ಕೀಲನ್ನ ಹಿಂದುಗಡೆಯಿಂದ ತೆರೆದು ಹಾಕಿದ್ರೆ ಸಾಮಾನ್ಯವಾಗಿ ಮೊದಲ ಕೆಲವು ವಾರ ಸೊಂಟ 90 ಡಿಗ್ರಿಗಿಂತ ಬಗ್ಗಿಸೋ ಹಾಗಿಲ್ಲ, ಚಕ್ಕಳಮಕ್ಕಳ ಇಲ್ಲ, ಕಾಲ ಮೇಲೆ ಕಾಲು ಇಲ್ಲ, ಇಲ್ಲಾಂದ್ರೆ ಕೀಲು ಜಾರ್ಬೋದು. ಕಮೋಡ್ ಕುರ್ಚಿ ವ್ಯವಸ್ಥೆ ಮಾಡೋಕೆ ಮಗನಿಗೆ ಇವತ್ತೇ ಹೇಳು. ಆಮೇಲೆ ಅಜ್ಜಿಗೆ, "ನಡೆದ್ರೆ ಬೆಡ್‌ಪ್ಯಾನ್ ತಪ್ಪುತ್ತೆ, ಬಾತ್‌ರೂಮ್ ಬಾಗಿಲವರೆಗೆ ನಾನು ಬರ್ತೀನಿ" ಅನ್ನು. "ಎಕ್ಸರ್‌ಸೈಜ್ ಮಾಡಿ" ಅಂದ್ರೆ ಏಳದೇ ಇರೋರು ಇದಕ್ಕೆ ಎದ್ದಿದ್ದನ್ನ ನಾನು ಎಷ್ಟೋ ಸಲ ನೋಡಿದೀನಿ.

ಎಣ್ಣೆ ವಿಷಯ: ಬೇಡ ಅಂದ್ರೆ ಬೇಡ. ಈ ಆಪರೇಷನ್ ಆದ್ಮೇಲೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟೋ ಭಯ ಇರುತ್ತೆ, ತಿಕ್ಕಿದ್ರೆ ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗ್ಬೋದು. ಮೀನಖಂಡ ಊದಿ, ಬಿಸಿಯಾಗಿ, ನೋವು ಅಂದ್ರೆ ಮುಟ್ಟೋಕೆ ಹೋಗದೆ ಡ್ಯೂಟಿ ಡಾಕ್ಟರಿಗೆ ಹೇಳು. ಮಗನಿಗೆ ಏನಾದ್ರೂ ಮಾಡ್ಬೇಕು ಅನ್ನೋ ಒದ್ದಾಟ ಅಷ್ಟೇ, ಗಂಟೆಗೊಂದ್ಸಲ ಅಮ್ಮನ ಪಾದ ಹತ್ತು ಸಲ ಆಡ್ತಾ ಅಂತ ಎಣಿಸೋದು, ಲೋಟ ಲೆಕ್ಕ ಇಟ್ಟು ನೀರು ಕುಡಿಸೋದು, ಈ ಎರಡು ಕೆಲಸ ಅವ್ರಿಗೆ ಕೊಡು.