ಕಾರಿಗೆ ಸುಲಿಯುವ ರಬ್ಬರ್ ಸ್ಪ್ರೇ ಮನೆಯಲ್ಲೇ ಹೊಡೆಯಬಹುದಾ?

ಬೆಳ್ಳಿ ಬಣ್ಣದ ಕಾರನ್ನು ಮನೆ ಮುಂದೆಯೇ ಮ್ಯಾಟ್ (ಹೊಳಪಿಲ್ಲದ) ಕಪ್ಪು ಮಾಡಬೇಕು, ಒಳಗಿನ ಪೇಂಟ್‌ಗೆ ಏನೂ ಆಗಬಾರದು, ಬೇಡ ಅನ್ನಿಸಿದಾಗ ಸುಲಿದು ಹಾಕಬೇಕು ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಮೊದಲೇ ಇಡೀ ಕಾರಿಗೆ ಕೈ ಹಾಕಬೇಡಿ, ಚಕ್ರಗಳಿಂದ ಶುರು ಮಾಡಿ. ನಮ್ಮ ಕಾರಿನ ನಾಲ್ಕೂ ಅಲಾಯ್ ಚಕ್ರಗಳಿಗೆ ಮತ್ತು ಮುಂದಿನ ಗ್ರಿಲ್‌ಗೆ ನಾನೇ ಹೊಡೆದಿದ್ದೇನೆ, ಸುಲಿದೂ ನೋಡಿದ್ದೇನೆ. ಅದರಿಂದಲೇ ಹೇಳುತ್ತಿದ್ದೇನೆ.

ಈ ಬಗೆಯ ಸ್ಪ್ರೇಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅಮೆರಿಕದ ಪ್ಲಾಸ್ಟಿ ಡಿಪ್. ಮೊದಲು ಅದು ಬಂದದ್ದು ಇಕ್ಕಳ, ಸ್ಪ್ಯಾನರ್‌ಗಳ ಹಿಡಿಯನ್ನು ಅದ್ದಿ ರಬ್ಬರ್ ಹಿಡಿತ ಕೊಡಲು. ಕಾರಿಗೆ ಹೊಡೆಯುವ ರೂಢಿ ಆಮೇಲಿನದು. ಪೇಂಟ್‌ನ ಹಾಗೆ ಇದು ಲೋಹಕ್ಕೆ ಕಚ್ಚಿಕೊಳ್ಳುವುದಿಲ್ಲ, ಮೇಲೆ ಒಂದು ಪದರವಾಗಿ ಕೂರುತ್ತದೆ. ಪದರ ದಪ್ಪಗಿದ್ದರೆ ಒಂದು ತುದಿ ಹಿಡಿದು ಎಳೆದಾಗ ಹಾಳೆಯಾಗಿ ಬರುತ್ತದೆ. ತೆಳುವಾಗಿದ್ದರೆ ಚೂರುಚೂರಾಗಿ ಹರಿಯುತ್ತದೆ, ಉಗುರಿನಲ್ಲಿ ಕೆರೆಯುತ್ತಾ ಕೂರಬೇಕು. ಜನ ಬೈಯುವುದು ಈ ಕಾರಣಕ್ಕೇ, ಮತ್ತು ತಪ್ಪಿರುವುದು ಕ್ಯಾನ್ ಉಳಿಸಲು ಹೋದದ್ದರಲ್ಲಿ. ಚಕ್ರಕ್ಕೊಂದು ಕ್ಯಾನ್ ಅಂತ ಲೆಕ್ಕ ಹಾಕಿ. ಕಡಿಮೆ ಅಂದರೂ ನಾಲ್ಕೈದು ಕೋಟ್ ಬೇಕು.

ಹೊಡೆಯುವ ಕೆಲಸಕ್ಕಿಂತ ತೊಳೆಯುವ ಕೆಲಸ ಜಾಸ್ತಿ. ವಾಟರ್ ಸರ್ವಿಸ್‌ಗೆ ಬಿಟ್ಟಾಗ ಕೊನೆಯಲ್ಲಿ ಟಯರ್‌ಗೆ ಮಿಂಚುವ ಪಾಲಿಶ್ ಹಚ್ಚಿ ಕಳಿಸುತ್ತಾರೆ, ಅಲ್ವಾ? ಅದರಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ. ಅದು ಅಲಾಯ್ ಮೇಲೆ ಉಳಿದರೆ ಸ್ಪ್ರೇ ಅಲ್ಲಲ್ಲಿ ಗುಂಡಗೆ ಸರಿದು ಗುಳಿ ಬೀಳುತ್ತದೆ. ವ್ಯಾಕ್ಸ್ ಇಲ್ಲದ ಶಾಂಪೂವಿನಲ್ಲಿ ತೊಳೆದು, ಬ್ರೇಕ್ ಧೂಳನ್ನು ಹಳೇ ಟೂತ್‌ಬ್ರಷ್‌ನಲ್ಲಿ ಮೂಲೆಮೂಲೆಯಿಂದ ತೆಗೆದು, ಪೂರ್ತಿ ಒಣಗಿಸಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಜಾಕ್ ಮತ್ತು ಸ್ಟ್ಯಾಂಡ್ ಇದ್ದರೆ ಚಕ್ರ ಬಿಚ್ಚಿ ಹೊಡೆಯುವುದು ಒಳ್ಳೆಯದು. ನಟ್ ಕೂರುವ ಗುಳಿಗಳಿಗೆ, ಹಿಂದೆ ಹಬ್‌ಗೆ (ಚಕ್ರ ಕೂರಿಸುವ ನಡುಭಾಗಕ್ಕೆ) ಅಂಟುವ ಭಾಗಕ್ಕೆ ಸ್ಪ್ರೇ ತಾಗಬಾರದು. ಮಧ್ಯೆ ರಬ್ಬರ್ ಸಿಕ್ಕಿಕೊಂಡರೆ ನಟ್ ಸರಿಯಾಗಿ ಬಿಗಿಯುವುದಿಲ್ಲ, ಅದು ಅಪಾಯ. ಚಕ್ರ ಬಿಚ್ಚದೆ ಹೊಡೆಯುವುದಾದರೆ ಬ್ರೇಕ್ ಡಿಸ್ಕ್ ಮುಚ್ಚಲೇಬೇಕು. ಟಯರ್ ಮತ್ತು ರಿಮ್ ನಡುವೆ ಟೇಪ್ ಅಂಟಿಸುವುದಕ್ಕಿಂತ ಹಳೇ ಲಗ್ನಪತ್ರಿಕೆಗಳನ್ನು ಸುತ್ತಲೂ ಸಿಕ್ಕಿಸಿ. ಆ ದಪ್ಪ ಕಾಗದ ಸರಿಯಾಗಿ ನಿಲ್ಲುತ್ತದೆ.

ಕ್ಯಾನನ್ನು ಚೆನ್ನಾಗಿ, ಬೇಸರ ಮಾಡಿಕೊಳ್ಳದೆ ಅಲ್ಲಾಡಿಸಿ. ಒಂದು ಗೇಣಿಗಿಂತ ಸ್ವಲ್ಪ ಹತ್ತಿರ, ಅಂದರೆ ಸುಮಾರು 15 ಸೆಂಟಿಮೀಟರ್ ದೂರದಿಂದ ಹೊಡೆಯಿರಿ. ಕೈ ನಿಲ್ಲಬಾರದು. ಅಂಚಿನ ಆಚೆ ಶುರು ಮಾಡಿ, ಈಚೆ ಅಂಚು ದಾಟಿದ ಮೇಲೆ ಬೆರಳು ಬಿಡಿ. ಮೊದಲ ಕೋಟ್ ನೋಡುವುದಕ್ಕೆ ಚೆನ್ನಾಗಿರುವುದಿಲ್ಲ: ಬೆಳ್ಳಿ ಬಣ್ಣ ಅರ್ಧ ಕಾಣುತ್ತಲೇ ಇರುತ್ತದೆ, ಬರೀ ಕಪ್ಪು ಚುಕ್ಕೆಗಳು. ಅಲ್ಲಿಗೇ ನಿಲ್ಲಿಸಿ. ಮುಚ್ಚಿಬಿಡೋಣ ಅಂತ ಇನ್ನೊಂದು ಸುತ್ತು ಹೊಡೆದರೆ ಸೋರುತ್ತದೆ. ಅರ್ಧ ಗಂಟೆ ಬಿಟ್ಟು ಮುಂದಿನದು. ಎರಡನೆಯದರಿಂದ ಪ್ರತಿ ಕೋಟ್ ಹಸಿಯಾಗಿ ಹೊಳೆಯುವಷ್ಟು ಬೀಳಲಿ. ಒಣಗಿದ ಮೇಲೆ ತಾನೇ ಮ್ಯಾಟ್ ಆಗುತ್ತದೆ. ಹುಳ ಬಂದು ಕೂತರೆ ಆಗಲೇ ತೆಗೆಯಲು ಹೋಗಬೇಡಿ. ಒಣಗಿದ ಮೇಲೆ ಚಿಮ್ಮಟದಲ್ಲಿ ಎತ್ತಿ, ಮೇಲೆ ಮುಂದಿನ ಕೋಟ್ ಕೊಡಿ.

ಟೇಪ್ ಹಾಕಿದ್ದರೆ ಕೊನೆಯ ಕೋಟ್ ಇನ್ನೂ ಹಸಿ ಇರುವಾಗಲೇ ಕಿತ್ತುಬಿಡಿ. ಒಣಗಿದ ಮೇಲೆ ಕಿತ್ತರೆ ಟೇಪಿನ ಜೊತೆ ರಬ್ಬರೂ ಎದ್ದು ಬರುತ್ತದೆ. ಇದೊಂದನ್ನು ಮರೆಯಲೇಬೇಡಿ.

ಜಾಗದ ವಿಷಯಕ್ಕೆ ಬಂದರೆ ನನ್ನದು ಕಟ್ಟುನಿಟ್ಟು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಬೇಡವೇ ಬೇಡ. ಇದರ ದ್ರಾವಕದ ಆವಿ ಬೇಗ ಬೆಂಕಿ ಹಿಡಿಯುತ್ತದೆ, ತಲೆ ಸುತ್ತಿಸುತ್ತದೆ. ಕೊರೋನಾ ಕಾಲದ ಬಟ್ಟೆ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ದ್ರಾವಕದ ಆವಿಯನ್ನು ಹೀರುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಹತ್ತಿರ ಗ್ಯಾಸ್ ಗೀಸರ್, ಒಲೆ, ಸಿಗರೇಟು ಏನೂ ಇರಬಾರದು. ಗಾಳಿಯಾಡುವ, ನೆರಳಿನ, ಧೂಳು ಏಳದ ಜಾಗ ನೋಡಿ. ಬಿಸಿಲಿಗೆ ಕಾದ ಲೋಹದ ಮೇಲೆ ಹೊಡೆದರೆ ಸರಿಯಾಗಿ ಹರಡುವ ಮುಂಚೆಯೇ ಒಣಗಿ ಮರಳು ಮರಳಾಗುತ್ತದೆ. ಮಳೆಗಾಲದ ತೇವದಲ್ಲಿ ಬಿಳಿಚಿಕೊಳ್ಳುತ್ತದೆ. ಬೆಂಗಳೂರು, ಮೈಸೂರು ಕಡೆಯಾದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಇಬ್ಬನಿ ಆರಿದ ಮೇಲಿನ ಹೊತ್ತು ಚೆನ್ನ.

ಇನ್ನು ಇಡೀ ಕಾರು. ಅದಕ್ಕೆ ಕ್ಯಾನ್ ಸಾಲದು, ಗ್ಯಾಲನ್ ಲೆಕ್ಕದಲ್ಲಿ ದ್ರವ ತರಬೇಕು, ಸ್ಪ್ರೇ ಗನ್ ಬೇಕು, ಧೂಳು ಬರದ ಆದರೆ ಗಾಳಿಯಾಡುವ ಶೆಡ್ ಬೇಕು. ಜೊತೆಗೆ ಆರ್‌ಸಿಯಲ್ಲಿ ಕಾರಿನ ಬಣ್ಣ ನಮೂದಾಗಿರುತ್ತದೆ. ಬೆಳ್ಳಿ ಅಂತ ಬರೆದಿರುವ ಕಾರು ಪೂರ್ತಿ ಕಪ್ಪಾದರೆ ಆರ್‌ಟಿಒದಲ್ಲಿ ಅನುಮತಿ ಪಡೆದು ತಿದ್ದಿಸಬೇಕು, ಸುಲಿಯುವ ಬಣ್ಣವಾದರೂ ಅಷ್ಟೇ. ಇಷ್ಟೆಲ್ಲಾ ಖರ್ಚು, ಓಡಾಟ ಮಾಡುವುದಾದರೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸುವ ವಿನೈಲ್ ರ‍್ಯಾಪ್ ಮಾಡುವವರ ಹತ್ತಿರ ಹೋಗುವುದೇ ಲೇಸು ಅನ್ನುವುದು ನನ್ನ ಅಭಿಪ್ರಾಯ.

ಪೇಂಟ್ ಹಾಳಾಗುತ್ತಾ ಅಂದರೆ, ಕಂಪನಿ ಪೇಂಟ್ ಗಟ್ಟಿಯಾಗಿದ್ದರೆ ಇಲ್ಲ. ಡಿಕ್ಕಿಯಾದ ಮೇಲೆ ಟಿಂಕರಿಂಗ್ ಮಾಡಿಸಿ ಹೊಸದಾಗಿ ಪೇಂಟ್ ಹೊಡೆಸಿದ ಭಾಗವಿದ್ದರೆ ಹುಷಾರು. ಕೆಳಗಿನ ಪೇಂಟ್ ಸರಿಯಾಗಿ ಹಿಡಿದಿಲ್ಲದಿದ್ದರೆ ಸುಲಿಯುವಾಗ ಅದೂ ಬರಬಹುದು.

ಹೊಡೆದ ಮೇಲೆ ಒಂದು ರಾತ್ರಿ ಪೂರ್ತಿ ಬಿಡಿ, ಒಂದು ವಾರ ನೀರು ಹಾಕಿ ತಿಕ್ಕಬೇಡಿ. ಪ್ರೆಶರ್ ವಾಷರ್ ಅಂಚಿನ ಹತ್ತಿರ ಬೇಡ. ಪೆಟ್ರೋಲ್ ತಾಗಿದರೆ ಮೆತ್ತಗಾಗುತ್ತದೆ, ತಿಕ್ಕದೆ ಆರಲು ಬಿಡಿ. ಸುಲಿಯುವ ದಿನ ಪದರ ತೆಳು ಅನ್ನಿಸಿದರೆ ಕೆರೆಯಬೇಡಿ: ಮೇಲೆ ಇನ್ನೆರಡು ದಪ್ಪ ಕೋಟ್ ಕೊಟ್ಟು, ಪೂರ್ತಿ ಒಣಗಿಸಿ, ಆಮೇಲೆ ಎಳೆಯಿರಿ. ಹಳೆಯದೂ ಅದರ ಜೊತೆಗೇ ಬರುತ್ತದೆ.