ಚಳ್ಳಕೆರೆ ಬಿಸಿಲು, ಕೆಚ್ಚಲಿನ ಹಾಲು ಮತ್ತು ರೋಗಾಣು ಕೊಲ್ಲುವ ಪ್ರೋಟೀನು

ಚಳ್ಳಕೆರೆ ತಾಲ್ಲೂಕಿನ ಹೈನುಗಾರರೊಬ್ಬರ ಪತ್ರದ ಸಾರ: “ಆಂಟಿಬಯೋಟಿಕ್ ಬದಲು ಪ್ರೋಟೀನಿನಿಂದಲೇ ರೋಗಾಣು ಕೊಲ್ಲಬಹುದು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಪ್ರೋಟೀನು ಅಂದರೆ ಮೊಟ್ಟೆಯ ಬಿಳಿ ಇದ್ದ ಹಾಗೆ, ಕಾವು ತಗುಲಿದರೆ ಕೆಟ್ಟಿತು. ಏಪ್ರಿಲ್ ಬಂದರೆ ನಮ್ಮಲ್ಲಿ 40 ಡಿಗ್ರಿ. ಇಲ್ಲಿ ಅದು ಉಳಿಯುತ್ತದಾ? ನಮ್ಮ ಹಸುವಿಗೆ ಪದೇಪದೇ ಕೆಚ್ಚಲು ಬಾವು. ಕೆಚ್ಚಲಿಗೆ ಆಂಟಿಬಯೋಟಿಕ್ ಟ್ಯೂಬ್ ಹಾಕಿಸಿದಾಗೆಲ್ಲ ಹಾಲು ಚೆಲ್ಲಬೇಕು. ಇದರಿಂದ ಏನಾದರೂ ಉಪಯೋಗ ಉಂಟಾ, ಇಲ್ಲ ಸುಮ್ನೆ ಲ್ಯಾಬಿನ ಆಟವಾ? ದಾವಣಗೆರೆಯಲ್ಲಿ ಬಿಎಸ್ಸಿ ಓದುವ ಮಗಳು ಇದನ್ನೇ ಮುಂದೆ ಓದುತ್ತೇನೆ ಅನ್ನುತ್ತಾಳೆ.”

ಸಂಪಾದಕರ ಉತ್ತರ:

ನಮಸ್ಕಾರ. ಮೊಟ್ಟೆಯ ಮಾತು ತೆಗೆದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಆ ಬಿಳಿಯ ಒಳಗೇ ರೋಗಾಣು ಕೊಲ್ಲುವ ಒಂದು ಪ್ರೋಟೀನು ಇದೆ. ಹೆಸರು ಲೈಸೋಜೈಮ್. ಪೆನಿಸಿಲಿನ್ ಕಾಣುವುದಕ್ಕೆ ಕೆಲವು ವರ್ಷ ಮೊದಲೇ, 1921–22ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ಇದನ್ನು ನೆಗಡಿಯಾದವರ ಸಿಂಬಳದಲ್ಲಿ ಕಂಡರು. ನಮ್ಮ ಕಣ್ಣೀರಲ್ಲೂ ಇದೆ, ಜೊಲ್ಲಲ್ಲೂ ಇದೆ. ಬ್ಯಾಕ್ಟೀರಿಯಾದ ಗೋಡೆಯನ್ನು ಕತ್ತರಿಸುವುದು ಇದರ ಕೆಲಸ. ಗೋಡೆ ಹೋಯಿತೆಂದರೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ.

ಪ್ರೋಟೀನು ಅಂದರೆ ಅಮೈನೋ ಆಮ್ಲ ಎಂಬ ಮಣಿಗಳ ಸರ. ಮೊಟ್ಟೆಯ ಲೈಸೋಜೈಮ್ ಅಂಥ 129 ಮಣಿಗಳ ಒಂದು ಸರ. ಆ ಸರ ಮಡಿಚಿಕೊಂಡು ಮುದ್ದೆಯಾಗಿ ಕೂತಿರುತ್ತದೆ. ಮುದ್ದೆ ಬಿಚ್ಚಿಕೊಳ್ಳದ ಹಾಗೆ ಒಳಗೆ ನಾಲ್ಕು ಕಡೆ ಗಂಧಕದ ಕೊಂಡಿಗಳಿವೆ, ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ. ಅದಕ್ಕೇ ಇದು 70 ಡಿಗ್ರಿಯ ಹತ್ತಿರದವರೆಗೂ ತಡೆದುಕೊಳ್ಳುತ್ತದೆ. ನಿಮ್ಮ ಏಪ್ರಿಲ್ ಬಿಸಿಲು ಇದಕ್ಕೆ ಲೆಕ್ಕಕ್ಕಿಲ್ಲ.

ಎಲ್ಲ ಪ್ರೋಟೀನೂ ಇಷ್ಟು ಗಟ್ಟಿಯಲ್ಲ. ಬ್ಯಾಕ್ಟೀರಿಯಾವನ್ನೇ ತಿಂದು ಬದುಕುವ ವೈರಸ್ಸುಗಳಿವೆ. ಅಂಥ ಒಂದು ವೈರಸ್ಸು ಟಿ4. ಅದರ ಹತ್ತಿರವೂ ಒಂದು ಲೈಸೋಜೈಮ್ ಇದೆ, ಆದರೆ ಅದರಲ್ಲಿ ಇಂಥ ಕೊಂಡಿ ಒಂದೂ ಇಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಬ್ರಯಾನ್ ಮ್ಯಾಥ್ಯೂಸ್ ತಂಡ ಅದಕ್ಕೆ ಕೊಂಡಿ ಹಾಕಿ ನೋಡಿತು. ಎಲ್ಲೆಲ್ಲಿ ಎರಡು ಎಳೆ ಹತ್ತಿರ ಬರುತ್ತವೋ ಅಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲ ಕೂರಿಸಿದರು. 1989ರಲ್ಲಿ ಫಲಿತಾಂಶ ಹೊರಗೆ ಬಂತು. ಮೂರು ಕೊಂಡಿ ಹಾಕಿದ ಪ್ರೋಟೀನು ಮೊದಲಿಗಿಂತ ಸುಮಾರು 23 ಡಿಗ್ರಿ ಹೆಚ್ಚು ಬಿಸಿ ತಡೆಯಿತು. ಎಂಥ ಜಿಗಿತ, ಅಲ್ವಾ?

ಆದರೆ ಕಥೆ ಇರುವುದು ಮುಂದೆ. ಆ ಮೂರರಲ್ಲಿ ಒಂದು ಕೊಂಡಿ ಪ್ರೋಟೀನಿನ ಬಾಯಿಗೆ ಅಡ್ಡ ಬಿದ್ದಿತ್ತು. ಬ್ಯಾಕ್ಟೀರಿಯಾದ ಗೋಡೆಯನ್ನು ಕಚ್ಚುವ ಜಾಗವೇ ಬಿಗಿದುಕೊಂಡಿತು. ಬಿಸಿ ತಡೆಯುತ್ತದೆ, ಕೆಲಸ ಮಾಡುವುದಿಲ್ಲ! ಆ ಕೊಂಡಿ ಬಿಡಿಸಿದರೆ ಮತ್ತೆ ಕತ್ತರಿಸುತ್ತಿತ್ತು. ನಿಮ್ಮ ಪತ್ರಕ್ಕೆ ನಾನು ಹೇಳಬೇಕಾದ್ದರ ತಿರುಳು ಇದೇ. ಪ್ರೋಟೀನು ಉಳಿಯುವುದು ಒಂದು, ಹೋದ ಜಾಗದಲ್ಲಿ ಕೆಲಸ ಮಾಡುವುದು ಇನ್ನೊಂದು. ಪತ್ರಿಕೆಗಳಲ್ಲಿ ಮೊದಲನೆಯದೇ ಜಾಸ್ತಿ ಸುದ್ದಿಯಾಗುತ್ತದೆ. ನಮ್ಮ ಪತ್ರಿಕೆಯೂ ಅದರಿಂದ ಹೊರತಲ್ಲ ಬಿಡಿ.

ಈಗ ಕೆಚ್ಚಲಿಗೆ ಬರೋಣ. ಹಸುವಿನ ಮೈಬಿಸಿ 38–39 ಡಿಗ್ರಿ. ಅಂದರೆ ಬೇಸಿಗೆಯ ಚಳ್ಳಕೆರೆಗೂ ಕೆಚ್ಚಲಿನ ಒಳಗಿಗೂ ದೊಡ್ಡ ಫರಕಿಲ್ಲ. ಅಲ್ಲಿನ ಕಷ್ಟ ಬಿಸಿಯದಲ್ಲ, ಹಾಲಿನದು. ಕೊಬ್ಬು, ಕೇಸೀನ್ ಎಂಬ ಹಾಲಿನ ಪ್ರೋಟೀನು, ಕ್ಯಾಲ್ಸಿಯಂ ಎಲ್ಲ ತುಂಬಿಕೊಂಡ ದ್ರವ ಅದು. ಲ್ಯಾಬಿನ ತಿಳಿ ನೀರಿನಲ್ಲಿ ರೋಗಾಣುವನ್ನು ನಿಮಿಷಗಳಲ್ಲಿ ಮುಗಿಸುವ ಪ್ರೋಟೀನು ಹಾಲಿಗೆ ಬಿದ್ದ ಕೂಡಲೇ ಮಂಕಾಗಬಹುದು. ಅದರ ಮೇಲೆ ಎರಡು ಹೊತ್ತೂ ಹಾಲು ಕರೆಯುತ್ತೀರಿ, ಹಾಕಿದ ಔಷಧಿಯೂ ಅದರ ಜೊತೆ ಹೊರಗೆ ಹೋಗುತ್ತದೆ. ಪದೇಪದೇ ಕೆಚ್ಚಲು ಬಾವು ತರುವ ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅಂತೂ ಮಹಾ ಕಿಲಾಡಿ. ಹಸುವಿನ ಜೀವಕೋಶಗಳ ಒಳಗೇ ಅವಿತು ಕೂರುತ್ತದೆ. ಟ್ಯೂಬ್ ಹಾಕಿದಾಗ ಕಡಿಮೆಯಾಗಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ.

ಈ ಆರಿಯಸ್ ಮೇಲೆ ಬಿಡಬಹುದಾದ ಪ್ರೋಟೀನು ಒಂದಿದೆ, ಲೈಸೋಸ್ಟ್ಯಾಫಿನ್. ಇದನ್ನು ತಯಾರಿಸುವುದೂ ಒಂದು ಸ್ಟೆಫಿಲೋಕಾಕಸ್ಸೇ, ದಾಯಾದಿಗಳನ್ನು ಕೊಲ್ಲಲು. ಆರಿಯಸ್‌ನ ಗೋಡೆಯಲ್ಲಿ ಗ್ಲೈಸೀನ್ ಎಂಬ ಅಮೈನೋ ಆಮ್ಲ ಐದೈದು ಸೇರಿದ ಅಡ್ಡಪಟ್ಟಿಗಳಿರುತ್ತವೆ. ಲೈಸೋಸ್ಟ್ಯಾಫಿನ್ ಹುಡುಕಿಕೊಂಡು ಹೋಗಿ ಆ ಪಟ್ಟಿಗಳನ್ನೇ ಕತ್ತರಿಸುತ್ತದೆ. ಹಸುವಿನ ಮೈಯಲ್ಲಿ ಅಂಥ ಪಟ್ಟಿ ಇಲ್ಲ.

ಅಮೆರಿಕದ ವಿಜ್ಞಾನಿಗಳು ಒಂದು ಹೆಜ್ಜೆ ಮುಂದೆ ಹೋದರು. ಟ್ಯೂಬ್ ಯಾಕೆ, ಹಸುವೇ ಈ ಪ್ರೋಟೀನನ್ನು ಹಾಲಿನಲ್ಲಿ ತಯಾರಿಸಲಿ ಅಂದರು. ಇಲ್ಲೊಂದು ವಿಚಿತ್ರ ತೊಡಕು ಎದುರಾಯಿತು. ಹಸುವಿನಂಥ ಪ್ರಾಣಿಗಳ ಜೀವಕೋಶ ತಾನು ಹೊರಗೆ ಕಳಿಸುವ ಪ್ರೋಟೀನುಗಳಿಗೆ ಕೆಲವು ಕಡೆ ಸಕ್ಕರೆಯ ಸರ ಅಂಟಿಸುತ್ತದೆ. ಲೈಸೋಸ್ಟ್ಯಾಫಿನ್ ತಯಾರಿಸುವ ಬ್ಯಾಕ್ಟೀರಿಯಾ ಹಾಗೆ ಮಾಡುವುದಿಲ್ಲ. ಸಕ್ಕರೆ ಅಂಟಿದ ಲೈಸೋಸ್ಟ್ಯಾಫಿನ್ ಕೆಲಸಕ್ಕೆ ಬಾರದ್ದಾಯಿತು. ಸಕ್ಕರೆ ಅಂಟುವ ಎರಡು ಜಾಗಗಳಲ್ಲಿ ಆಸ್ಪರಜೀನ್ ಎಂಬ ಅಮೈನೋ ಆಮ್ಲ ತೆಗೆದು ಅದರ ಹತ್ತಿರದ ನಂಟ ಗ್ಲುಟಮೀನ್ ಇಟ್ಟರು. ಆಮೇಲೆ ಕೆಲಸ ಮಾಡಿತು. 2005ರಲ್ಲಿ ವರದಿಯಾದ ಈ ಪ್ರಯೋಗದಲ್ಲಿ ಜರ್ಸಿ ಹಸುಗಳ ಕೆಚ್ಚಲಿಗೆ ಬೇಕೆಂದೇ ರೋಗಾಣು ಬಿಟ್ಟು ನೋಡಿದರು. ಸಾಮಾನ್ಯ ಹಸುಗಳಲ್ಲಿ 71 ಶೇಕಡ ಸೋಂಕು ಹತ್ತಿತು. ಲೈಸೋಸ್ಟ್ಯಾಫಿನ್ ಹಸುಗಳಲ್ಲಿ 14 ಶೇಕಡ ಮಾತ್ರ.

ಕೇಳಲು ಚೆನ್ನಾಗಿದೆ. ಆದರೆ ಅದು ಕುಲಾಂತರಿ ಹಸು. ಅಲ್ಲದೆ ಕೆಚ್ಚಲು ಬಾವು ತರುವುದು ಆರಿಯಸ್ ಒಂದೇ ಅಲ್ಲ. ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಂದರೆ ಲೈಸೋಸ್ಟ್ಯಾಫಿನ್‌ಗೆ ಅಲ್ಲಿ ಕೆಲಸವಿಲ್ಲ. ಅದರ ಗೋಡೆಯೇ ಬೇರೆ, ಗೋಡೆಯ ಹೊರಗೆ ಇನ್ನೊಂದು ಪೊರೆ ಬೇರೆ. ಹಾಗಾಗಿ ಇದನ್ನು ನಂಬಿಕೊಂಡು ಹಸುವಿನ ಚಿಕಿತ್ಸೆ ಮುಂದೂಡಬೇಡಿ. ಸದ್ಯಕ್ಕೆ ನಿಮ್ಮ ಪಶುವೈದ್ಯರ ಟ್ಯೂಬೇ ಗತಿ. ಅವರು ಹೇಳಿದಷ್ಟೂ ಟ್ಯೂಬ್ ಹಾಕಿಸಿ, ಬಾವು ಇಳಿಯಿತೆಂದು ನಡುವೆ ನಿಲ್ಲಿಸಬೇಡಿ. ಹಾಲು ಎಷ್ಟು ದಿನ ಡೇರಿಗೆ ಹಾಕಬಾರದು ಅಂತಲೂ ಕೇಳಿಕೊಳ್ಳಿ. ಔಷಧಿಯ ಅಂಶ ಇರುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾವೂ ಸಾಯುತ್ತದೆ. ಕರೆದ ಮೇಲೆ ಮೊಲೆತೊಟ್ಟನ್ನು ಔಷಧಿ ನೀರಿನಲ್ಲಿ ಅದ್ದುವುದು, ಬಾವು ಬಂದ ಹಸುವನ್ನು ಕೊನೆಗೆ ಕರೆಯುವುದು, ಇವು ಕಾಸು ಜಾಸ್ತಿ ಕೇಳದ ಕೆಲಸ.

ಹಾಲಿನ ಹಾಗೆ ಉಪ್ಪಿನದೂ ಪ್ರೋಟೀನಿಗೆ ಇಂಥದೇ ತಕರಾರು. ನಮ್ಮ ಮೈಯಲ್ಲಿರುವ ಡಿಫೆನ್ಸಿನ್ ಎಂಬ ಪುಟ್ಟ ಪ್ರೋಟೀನುಗಳಲ್ಲಿ ಕೆಲವು ಉಪ್ಪು ಹೆಚ್ಚಾದರೆ ಸೋಲುತ್ತವೆ. ಸಮುದ್ರದಲ್ಲೇ ಬದುಕುವ ಕುದುರೆಲಾಳದ ಏಡಿಯ ಟ್ಯಾಕಿಪ್ಲೆಸಿನ್ ಎಂಬ ಪುಟ್ಟ ಪ್ರೋಟೀನು ಉಪ್ಪಿಗೆ ಜಗ್ಗುವುದಿಲ್ಲ. ಹದಿನೇಳೇ ಅಮೈನೋ ಆಮ್ಲ, ಎರಡು ಗಂಧಕದ ಕೊಂಡಿ. ಚೀಸ್ ಕೆಡದಂತೆ ಹಾಕುವ ನಿಸಿನ್‌ನ ಸ್ವಭಾವ ಇನ್ನೊಂದು ಥರ. ಹುಳಿಯಲ್ಲಿ ಕುದಿಸಿದರೂ ಬದುಕುತ್ತದೆ, ಕ್ಷಾರದಲ್ಲಿ ಸಾಯುತ್ತದೆ.

ಬಿಸಿಲಿನಲ್ಲಿ ಔಷಧಿ ಇಟ್ಟುಕೊಳ್ಳುವ ಪ್ರಶ್ನೆ ಇದಕ್ಕೆ ಹೋಲಿಸಿದರೆ ಸುಲಭದ್ದು. ಪ್ರೋಟೀನಿನಿಂದ ನೀರು ತೆಗೆದು ಪುಡಿ ಮಾಡಿದರೆ ಅದು ಬಹಳ ಕಾಲ ನಿಲ್ಲುತ್ತದೆ. ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಪುಡಿಗೆ ನೀರು ಬೆರೆಸಿ ಇಂಜೆಕ್ಷನ್ ಕೊಡುತ್ತಾರಲ್ಲ, ಅದೂ ಪ್ರೋಟೀನೇ.

ಮಗಳ ವಿಷಯ. ಖಂಡಿತ ಓದಲಿ. ದಾವಣಗೆರೆ ವಿಶ್ವವಿದ್ಯಾಲಯದಲ್ಲೇ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಎಂಎಸ್ಸಿ ಇದೆ. ಪ್ರೋಟೀನಿನ ಸರ ಎಲ್ಲಿ ಹೇಗೆ ಬಾಗಬಲ್ಲದು ಅಂತ 1963ರಲ್ಲಿ ನಕ್ಷೆ ಹಾಕಿ ತೋರಿಸಿದ ಜಿ.ಎನ್. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್ಸಿ) ಇದ್ದವರು. ಅದೇ ಐಐಎಸ್ಸಿಯ ಇನ್ನೊಂದು ಕ್ಯಾಂಪಸ್ಸು ನಿಮ್ಮ ಕುದಾಪುರದಲ್ಲೇ ಇದೆ. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ತಂದವರಿಗೆ 2024ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅದು ಊಹಿಸಿದ ಆಕಾರಗಳನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪುಕ್ಕಟೆ ನೋಡಬಹುದು. ಅವಳಿಗೆ ನನ್ನದು ಒಂದೇ ಮಾತು. ಮುಂದೆ ಇಂಥ ಪ್ರೋಟೀನು ಕೈಗೆ ಸಿಕ್ಕರೆ ಲ್ಯಾಬಿನ ನೀರಿನ ಜೊತೆಗೆ ಆಗಷ್ಟೇ ಕರೆದ ಹಾಲಿನಲ್ಲೂ ಪರೀಕ್ಷೆ ಮಾಡಲಿ. ಹಾಲಿಗೆ ಅವಳಿಗೇನು ಬರ?

– ಸಂ.