ಹನ್ನೊಂದು ನಾಯಿ ಉಳಿದಿದ್ದರೂ ತಂಡ ಯಾಕೆ ನಿಲ್ಲುತ್ತದೆ?

ನಮಸ್ಕಾರ. ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಕೈ ಬಿಡುವಾದ ಮೇಲೆ ಸರಿಯಾಗಿ ಬರೆಯೋಣ ಅಂತ ಈಗ ಕೂತಿದ್ದೇನೆ. ನೀವು ಕೇಳಿದ್ದು ಇಷ್ಟು: ಅಲಾಸ್ಕಾದ ಇಡಿಟರಾಡ್ ಅನ್ನುವ, ನಾಯಿಗಳು ಸ್ಲೆಡ್ (ಹಿಮದ ಬಂಡಿ) ಎಳೆಯುವ ಓಟದಲ್ಲಿ ನೀವು ಜಿಪಿಎಸ್‌ನಲ್ಲಿ ನೋಡುತ್ತಿದ್ದ ತಂಡ ಕಾಲ್ಟಾಗ್ ಚೆಕ್‌ಪಾಯಿಂಟಿನಲ್ಲಿ 14 ಗಂಟೆ ಕೂತು, ಆಮೇಲೆ ಓಟವನ್ನೇ ಬಿಟ್ಟಿತು. ಇನ್ನೂ 11 ನಾಯಿ ಇದ್ದವು. ಗುರಿ ಮುಟ್ಟುವಾಗ 5 ನಾಯಿ ಇದ್ದರೆ ಸಾಕು ಅನ್ನುವ ನಿಯಮವೂ ಇದೆ. ಹಾಗಾದರೆ ಯಾಕೆ ಬಿಟ್ಟರು, ನಾಯಿಗಳು ಅಷ್ಟು ಸುಸ್ತಾಗಿದ್ದವಾ, ಅಂತ.

ನಾನು ಇರುವುದು ಕೆನಡಾದ ಯೂಕಾನ್‌ನಲ್ಲಿ, ವೈಟ್‌ಹಾರ್ಸ್ ಹತ್ತಿರ. ಆರು ಚಳಿಗಾಲದಿಂದ ನೆರೆಮನೆಯವರ ಕೆನೆಲ್‌ನಲ್ಲಿ, ಅಂದರೆ ಓಟದ ನಾಯಿ ಸಾಕುವ ಜಾಗದಲ್ಲಿ, ಕೈಜೋಡಿಸುತ್ತಿದ್ದೇನೆ. ನಾನು ಮಷರ್ ಅಲ್ಲ, ಅಂದರೆ ಸ್ಲೆಡ್ ಓಡಿಸುವವನಲ್ಲ. ಊಟ ಬೇಯಿಸುವುದು, ಹುಲ್ಲು ಹಾಸುವುದು, ಪಾದ ನೋಡುವುದು ನನ್ನ ಕೆಲಸ. ಓಟ ಎಲ್ಲಿ ಕೆಡುತ್ತದೆ ಅನ್ನುವುದು ಈ ಕೆಲಸದಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಆ 5ರ ಲೆಕ್ಕ ಬಿಟ್ಟುಬಿಡಿ. ಅದು ಕಾಗದದ ಮೇಲಿನ ಕನಿಷ್ಠ ಸಂಖ್ಯೆ. ಓಟ ಶುರುವಾದ ಮೇಲೆ ಹೊಸ ನಾಯಿ ಸೇರಿಸುವಂತಿಲ್ಲ. ನೋವಾದ ನಾಯಿಯನ್ನು ಚೆಕ್‌ಪಾಯಿಂಟಿನಲ್ಲಿ ವೆಟ್ (ಪಶುವೈದ್ಯರು) ಹತ್ತಿರ ಬಿಟ್ಟರೆ ಅದು ಮತ್ತೆ ತಂಡಕ್ಕೆ ಬರುವುದಿಲ್ಲ. ಹಾಗಾಗಿ ಎಷ್ಟು ನಾಯಿ ಉಳಿದಿವೆ ಅನ್ನುವುದಕ್ಕಿಂತ ಯಾವ ನಾಯಿ ಉಳಿದಿವೆ ಅನ್ನುವುದು ಮುಖ್ಯ. ಎಲ್ಲಕ್ಕಿಂತ ಮುಂದೆ ಕಟ್ಟುವುದು ಲೀಡರ್ ನಾಯಿ. ದಾರಿ ಹಿಡಿಯುವುದು, ಎಡಕ್ಕೆ ಬಲಕ್ಕೆ ಅಂದರೆ ತಿರುಗುವುದು, ಎದುರುಗಾಳಿಗೆ ಮುಖ ಕೊಟ್ಟು ಹೋಗುವುದು ಎಲ್ಲ ಅದರದ್ದೇ. ಕೈಯಲ್ಲಿ ಲಗಾಮು ಇರುವುದಿಲ್ಲ ನೋಡಿ, ಬರೀ ಬಾಯಿಮಾತು. ಒಳ್ಳೆಯ ಲೀಡರ್ ಎರಡು ಹೋದವು ಅಂದರೆ ಹಿಂದೆ 11 ನಾಯಿ ಗಟ್ಟಿಯಾಗಿದ್ದರೂ ಬಂಡಿ ಹೊರಡುವುದಿಲ್ಲ. ಇನ್ನು ಕೆಲವು ಕೆನೆಲ್‌ಗಳು ಎರಡು ವರ್ಷದ ಎಳೆ ನಾಯಿಗಳನ್ನೇ ಕಲಿಯಲಿ ಅಂತ ಕಟ್ಟಿಕೊಂಡು ಬರುತ್ತವೆ. ಅವುಗಳಿಗೆ ಓಟ ಬೇಜಾರಾಗುವ ಮೊದಲೇ ನಿಲ್ಲಿಸುತ್ತಾರೆ. ಒಂದು ಸಲ ಹೆದರಿದ ನಾಯಿ ಮುಂದಿನ ವರ್ಷವೂ ಅದೇ ಹೆದರಿಕೆ ಇಟ್ಟುಕೊಂಡಿರುತ್ತದೆ.

ಈಗ ಸುಸ್ತಿನ ವಿಷಯ. ಈ ನಾಯಿಗಳು ಬರೀ 20-25 ಕಿಲೋ ತೂಕದವು. ಆದರೆ ಓಟದ ದಿನಗಳಲ್ಲಿ ಒಂದೊಂದೂ ದಿನಕ್ಕೆ ಸುಮಾರು 10,000 ಕ್ಯಾಲೊರಿ ತಿನ್ನಬೇಕು. ಆರು ಗಂಟೆ ಓಟ, ಆರು ಗಂಟೆ ವಿಶ್ರಾಂತಿ, ಹೀಗೆ ಸುಮಾರು 1,600 ಕಿ.ಮೀ. ಹೊಟ್ಟೆಗೆ ಬಿದ್ದರೆ ಅವು ದಿನಗಟ್ಟಲೆ ಹೀಗೇ ಓಡಬಲ್ಲವು. ಮೊದಲ ಒಂದೆರಡು ದಿನ ಕಳೆದ ಮೇಲೆ ಅವುಗಳ ಮೈ ಆ ದುಡಿಮೆಗೆ ಹೊಂದಿಕೊಳ್ಳುತ್ತದೆ. ಇದು ವಿಜ್ಞಾನಿಗಳೂ ಅಳೆದು ನೋಡಿರುವ ವಿಷಯ. ಆದ್ದರಿಂದ ನಾವು ನೋಡುವುದು ಕಾಲಲ್ಲ, ಬಟ್ಟಲು.

ಎರಡು ವರ್ಷದ ಹಿಂದೆ ಇಲ್ಲೇ ನಡೆದ ಒಂದು ಸಣ್ಣ ಓಟ, 320 ಕಿ.ಮೀ. ಅರ್ಧ ದಾರಿಯ ಚೆಕ್‌ಪಾಯಿಂಟಿನಲ್ಲಿ ರಾತ್ರಿ ಎರಡು ಗಂಟೆ, ಮೈನಸ್ 28 ಡಿಗ್ರಿ. ಹಿಮ ಕರಗಿಸಿ, ಮೀನು, ಕೊಬ್ಬು, ಒಣ ಆಹಾರ ಎಲ್ಲ ಹಾಕಿ ಗಂಜಿಯಂತೆ ಮಾಡಿ ಹಂಚುತ್ತಿದ್ದರು. ನಮ್ಮ ಲೀಡರ್ ಒಂದು ಕಪ್ಪು ಹೆಣ್ಣು. ಬಟ್ಟಲಿಗೆ ಮೂಗಿಟ್ಟಳು, ಮುಖ ತಿರುಗಿಸಿದಳು. ಸರಿ, ಅವಳಿಗೆ ತುಂಬಾ ಇಷ್ಟದ ಸಾಲ್ಮನ್ ತುಂಡು ಕೊಟ್ಟರು. ಮೆಲ್ಲಗೆ ಬಾಯಲ್ಲಿ ತೆಗೆದುಕೊಂಡಳು, ಎರಡು ಕ್ಷಣ ಹಿಡಿದಿದ್ದಳು, ಆಮೇಲೆ ಹಿಮದ ಮೇಲೆ ಹಾಗೇ ಇಟ್ಟು ಸುರುಳಿ ಸುತ್ತಿ ಮಲಗಿದಳು. ಮಷರ್ ಏನೂ ಮಾತಾಡಲಿಲ್ಲ. ನೆತ್ತಿಯ ಚರ್ಮ ಚಿವುಟಿ ನೋಡಿದರು. ಅದು ತಕ್ಷಣ ಕೆಳಗೆ ಇಳಿಯಲಿಲ್ಲ, ಅಂದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಇನ್ನೂ ಮೂರು ನಾಯಿಗೆ ಭೇದಿ ಶುರುವಾಗಿತ್ತು. ಬೆಳಗಾಗುವ ಮೊದಲೇ ಸ್ಕ್ರ್ಯಾಚ್, ಅಂದರೆ ಓಟ ಬಿಟ್ಟೆವು, ಅಂತ ಸಹಿ ಹಾಕಿದರು. ಹೊರಗಿನಿಂದ ನೋಡಿದವರಿಗೆ ಹತ್ತು ನಾಯಿ ನಿಂತು ಬಾಲ ಆಡಿಸುತ್ತಿದ್ದವು, ಅಷ್ಟೇ.

ಭೇದಿ ಅನ್ನುವುದು ಓಟದಲ್ಲಿ ತುಂಬಾ ಸಾಮಾನ್ಯ. ಎಷ್ಟೋ ತಂಡಗಳ ನಾಯಿಗಳು ಒಂದೇ ಚೆಕ್‌ಪಾಯಿಂಟಿನಲ್ಲಿ ಮಲಗುತ್ತವೆ, ರೋಗ ಒಂದರಿಂದ ಒಂದಕ್ಕೆ ಬೇಗ ಹರಡುತ್ತದೆ. ಜೊತೆಗೆ ಹೊಟ್ಟೆಯಲ್ಲಿ ಹುಣ್ಣು, ವಾಂತಿ ಮಾಡುವಾಗ ಶ್ವಾಸಕೋಶಕ್ಕೆ ಹೋಗಿ ಆಗುವ ನ್ಯುಮೋನಿಯ. ಇವೆರಡೂ ಜೀವಕ್ಕೇ ತೊಂದರೆ ತರುವಂಥವು, ವೆಟ್‌ಗಳು ಇವಕ್ಕೆ ತುಂಬಾ ಹೆದರುತ್ತಾರೆ. ಹೆಣ್ಣು ನಾಯಿ ಬೆದೆಗೆ ಬಂದರೆ ಗಂಡು ನಾಯಿಗಳು ಊಟ ಬಿಡುವುದೂ ಉಂಟು.

ಆಮೇಲೆ ಪಾದ, ಮಣಿಕಟ್ಟು, ಭುಜ. 14 ನಾಯಿ ಅಂದರೆ 56 ಪಾದ. ಒಂದೊಂದಕ್ಕೂ ಹಾಕಿದ ಬೂಟಿ (ಬಟ್ಟೆಯ ಕಾಲುಚೀಲ) ಬಿಚ್ಚಬೇಕು, ಬೆರಳ ಸಂದು ಬಿಡಿಸಿ ಮಂಜಿನ ಗಂಟು ತೆಗೆಯಬೇಕು, ಸೀಳು ಬಿಟ್ಟಿದ್ದರೆ ಮುಲಾಮು ಹಚ್ಚಬೇಕು, ಹೊರಡುವಾಗ ಹೊಸ ಬೂಟಿ ಹಾಕಬೇಕು. ಕೈಗವಸು ಹಾಕಿಕೊಂಡು ಈ ಕೆಲಸ ಆಗುವುದಿಲ್ಲ. ನನ್ನ ಮೊದಲ ವರ್ಷ ಬೆರಳು ಮರಗಟ್ಟಿದ ಅವಸರದಲ್ಲಿ ಒಂದು ಬೂಟಿಯ ಪಟ್ಟಿ ಬಿಗಿಯಾಗಿ ಕಟ್ಟಿಬಿಟ್ಟೆ. 70 ಕಿ.ಮೀ. ಆದಮೇಲೆ ಆ ಮಣಿಕಟ್ಟು ಊದಿಕೊಂಡಿತ್ತು. ಆ ನಾಯಿಯ ಓಟ ಅಲ್ಲಿಗೇ ಮುಗಿಯಿತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಬಿಸಿಲು ಇನ್ನೊಂದು ಶತ್ರು. ಮೈನಸ್ 20ರಲ್ಲಿ ಖುಷಿಯಾಗಿ ಓಡುವ ನಾಯಿಗೆ ಸೊನ್ನೆ ಡಿಗ್ರಿ ಅಂದರೆ ಸೆಕೆ. ಹಿಮ ಮೆತ್ತಗಾದರೆ ಕಾಲು ಹೂತು ಭುಜ ಉಳುಕುತ್ತದೆ. ಹಿಮವೇ ಇಲ್ಲದಿದ್ದರೆ ಇನ್ನೂ ಕಷ್ಟ. 2003, 2015, 2017, 2025ರಲ್ಲಿ ಹಿಮ ಸಾಲದೆ ಇಡಿಟರಾಡ್‌ನ ಓಟವನ್ನು ಫೇರ್‌ಬ್ಯಾಂಕ್ಸ್‌ನಿಂದ ಶುರುಮಾಡಬೇಕಾಯಿತು. 2014ರಲ್ಲಿ ಹಾಗೆ ಮಾಡಲಿಲ್ಲ. ಕಲ್ಲು, ಬರಿ ನೆಲ, ಗಾಜಿನಂಥ ಮಂಜುಗಡ್ಡೆ. ಸ್ಲೆಡ್ ಮುರಿದವು, ಮಷರ್‌ಗಳಿಗೆ ಪೆಟ್ಟಾಯಿತು, ಮೊದಲ ದಿನಗಳಲ್ಲೇ ಎಷ್ಟೋ ಜನ ಬಿಟ್ಟರು.

ಅದೇ ವರ್ಷದ ಕೊನೆಯನ್ನು ಯಾರೂ ಮರೆಯುವುದಿಲ್ಲ. ನಾಲ್ಕು ಸಲ ಗೆದ್ದಿದ್ದ ಜೆಫ್ ಕಿಂಗ್ ಎಲ್ಲರಿಗಿಂತ ಮುಂದಿದ್ದರು. ವೈಟ್ ಮೌಂಟನ್ ದಾಟಿ, ಸೇಫ್ಟಿ ಅನ್ನುವ ಕೊನೆಯ ಚೆಕ್‌ಪಾಯಿಂಟ್ ಹತ್ತಿರ ಬರುವಾಗ ಗಾಳಿ ತಂಡವನ್ನೇ ದಾರಿಯಿಂದ ಆಚೆ ತಳ್ಳಿತು. ಗುರಿ ನೋಮ್ ಇನ್ನು ಸುಮಾರು 40 ಕಿ.ಮೀ. ಅಷ್ಟೇ. ಆದರೂ ಅವರು ನಾಯಿಗಳ ಜೀವ ನೋಡಿಕೊಂಡು ಓಟ ಬಿಟ್ಟರು. ಹಿಂದಿದ್ದ ಆಲಿ ಜಿರ್ಕಲ್ ಸೇಫ್ಟಿಯಲ್ಲಿ ಎರಡೂವರೆ ಗಂಟೆ ಕಾದರು. ಅಷ್ಟರಲ್ಲಿ ದಾಟಿ ಹೋದ ಡಲ್ಲಾಸ್ ಸೀವಿ ತಾನು ಮೂರನೆಯವನು ಅಂದುಕೊಂಡೇ ನೋಮ್ ಮುಟ್ಟಿ ಗೆದ್ದರು. 2020ರಲ್ಲಿ ಇದೇ ದಾರಿಯಲ್ಲಿ ಮೂವರು ಮಷರ್‌ಗಳು ಮಂಜುಗಡ್ಡೆ ಮೇಲೆ ಉಕ್ಕಿದ ನೀರಿಗೆ ಸಿಕ್ಕಿ ಒದ್ದೆಯಾದರು, ಹೆಲಿಕಾಪ್ಟರ್ ಬಂದು ಎತ್ತಿತು. ಆ ವರ್ಷ ಹೊರಟ 57 ತಂಡಗಳಲ್ಲಿ ನೋಮ್ ತಲುಪಿದ್ದು 34.

ಮೂಸ್ ಅನ್ನುವ ದೊಡ್ಡ ಕಡವೆಯಂಥ ಪ್ರಾಣಿಯ ಕಾಟವೂ ಇದೆ. 1985ರಲ್ಲಿ ಸೂಸನ್ ಬುಚರ್ ಅವರ ತಂಡದ ಮೇಲೆ ಒಂದು ಮೂಸ್ ನುಗ್ಗಿ ಎರಡು ನಾಯಿಗಳನ್ನು ಕೊಂದಿತು, ಎಷ್ಟೋ ನಾಯಿಗಳಿಗೆ ಗಾಯವಾಯಿತು. ಅವರು ಅಲ್ಲಿಗೇ ಬಿಟ್ಟರು. ಮುಂದೆ ನಾಲ್ಕು ಸಲ ಗೆದ್ದರು. ಓಟದಲ್ಲಿ ನಾಯಿ ಸತ್ತರೆ ಇಂಥ ಹೊರಗಿನ ಕಾರಣ ಬಿಟ್ಟು ಬೇರೆ ಸಂದರ್ಭದಲ್ಲಿ ತಂಡ ನಿಲ್ಲಲೇಬೇಕು ಅನ್ನುವುದು ಈಗಿನ ನಿಯಮ. 2024ರಲ್ಲಿ ಮೂರು ತಂಡಗಳು ಹಾಗೆ ನಿಂತವು. ಇದನ್ನು ಮುಚ್ಚಿಡಬಾರದು, ಅದಕ್ಕೇ ಬರೆದೆ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಉದಾಹರಣೆ 2019ರದ್ದು. ನಿಕೊಲಾ ಪೆಟಿ ಗಂಟೆಗಟ್ಟಲೆ ಮುಂದಿದ್ದರು. ಶಕ್ತೂಲಿಕ್‌ನಿಂದ ಕೋಯುಕ್‌ಗೆ ಹೋಗುವಾಗ, ಸಮುದ್ರದ ಮಂಜಿನ ಮೇಲೆ, ಒಂದು ನಾಯಿ ಇನ್ನೊಂದರ ಮೇಲೆ ಎಗರಿತು. ಅವರು ಜೋರಾಗಿ ಗದರಿದರು. ಅಷ್ಟೇ, ಇಡೀ ತಂಡ ಕೂತುಬಿಟ್ಟಿತು. ನಾಯಿಗಳಿಗೆ ರೋಗ ಇಲ್ಲ, ಹೊಟ್ಟೆ ತುಂಬಿತ್ತು. ಹಿಂದಿನ ವರ್ಷ ಅದೇ ಬಯಲಿನಲ್ಲಿ ಬಿರುಗಾಳಿಯಲ್ಲಿ ಅವರು ದಾರಿ ತಪ್ಪಿದ್ದರು. ಎಷ್ಟು ಪುಸಲಾಯಿಸಿದರೂ ಏಳಲಿಲ್ಲ. ಕೊನೆಗೆ ಓಟ ಬಿಟ್ಟರು. ನಮ್ಮ ಅಜ್ಜನ ಕಾಲದಲ್ಲಿ ಉಳುಮೆಯ ನಡುವೆ ಎತ್ತು ಮಲಗಿಬಿಟ್ಟರೆ ನೊಗ ಬಿಚ್ಚಿ ಸುಮ್ನೆ ಪಕ್ಕದಲ್ಲಿ ಕೂರುತ್ತಿದ್ದರಂತೆ. ಒಂದು ಎತ್ತಿನ ಪಾಡೇ ಹಾಗಾದರೆ, ಹತ್ತು ನಾಯಿ ಒಟ್ಟಿಗೆ ಬೇಡ ಅಂದರೆ ಯಾರೇನು ಮಾಡಲು ಆಗುತ್ತದೆ?

ಮನುಷ್ಯರ ಕಡೆಯ ಕಾರಣ ಬೇಗ ಹೇಳಿಬಿಡುತ್ತೇನೆ. ಮುರಿದ ಬೆರಳು, ಹಿಮಕ್ಕೆ ಸತ್ತ ಚರ್ಮ, ಜ್ವರ, ದಿನಕ್ಕೆ ಎರಡು ಮೂರು ಗಂಟೆ ಮಾತ್ರ ನಿದ್ದೆ. ನಿದ್ದೆಗೆಟ್ಟು ಇಲ್ಲದ ಮನೆ, ಮರ ಕಾಣುವುದು ಮಾಮೂಲು. ಆದರೆ ನನ್ನ ಅನಿಸಿಕೆಯಲ್ಲಿ ಬಹಳ ತಂಡಗಳು ಕೆಡುವುದು ಮೊದಲ ಎರಡು ದಿನದಲ್ಲಿ. ಹೊಸ ನಾಯಿಗಳ ಹುರುಪು ನೋಡಿ ಜಾಸ್ತಿ ವೇಗ ಬಿಡುತ್ತಾರೆ, ಒಂದು ವಿಶ್ರಾಂತಿ ಕತ್ತರಿಸುತ್ತಾರೆ. ಅದರ ಸಾಲ ಐದನೇ ದಿನ ಊಟ ಬಿಡುವ ರೂಪದಲ್ಲಿ ಬರುತ್ತದೆ.

ಈಗ ನಿಮ್ಮ ತಂಡಕ್ಕೆ ಬರೋಣ. ಯೂಕಾನ್ ನದಿಯ ಮೇಲೆ ಎಲ್ಲಾದರೂ ಒಂದು ಕಡೆ 8 ಗಂಟೆ ನಿಲ್ಲುವುದು ಕಡ್ಡಾಯ. ಅದನ್ನು ಕಾಲ್ಟಾಗ್‌ನಲ್ಲೇ ತೆಗೆದುಕೊಂಡಿದ್ದರೂ ಮೇಲೆ ಇನ್ನೂ 6 ಗಂಟೆ ಕೂತಿದ್ದಾರೆ. ನದಿ ಮೇಲೆ ದಿನಗಟ್ಟಲೆ ಒಂದೇ ತರಹದ ಬಿಳಿ ಬಯಲು, ಎದುರುಗಾಳಿ, ನಾಯಿಗಳ ಮನಸ್ಸು ಅಲ್ಲೇ ಕುಗ್ಗುತ್ತದೆ. ಕಾಲ್ಟಾಗ್‌ನಿಂದ ಮುಂದೆ ಯುನಲಕ್ಲೀಟ್‌ವರೆಗೆ ಸುಮಾರು 135 ಕಿ.ಮೀ., ನಡುವೆ ಚೆಕ್‌ಪಾಯಿಂಟ್ ಇಲ್ಲ. ನಾನಾಗಿದ್ದರೆ ಹೀಗೆ ಓದುತ್ತೇನೆ: ಅವರು ಎರಡು ಊಟದ ಹೊತ್ತು ಕಾದು ನೋಡಿದ್ದಾರೆ, ಲೀಡರ್ ನಾಯಿ ತಿನ್ನಲಿಲ್ಲ, ಅಥವಾ ಎಬ್ಬಿಸಿದಾಗ ಮೈ ಮುರಿದು ನಿಲ್ಲಲಿಲ್ಲ. ಮುಂದಿನ ಸಲ ಜಿಪಿಎಸ್ ನೋಡುವಾಗ ವೇಗ ಬಿಡಿ, ತಂಡ ದಾರಿ ಮಧ್ಯೆ ಎಷ್ಟು ಸಲ ನಿಲ್ಲುತ್ತಿದೆ ನೋಡಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿದ್ದರೆ ಮಷರ್ ಕೆಳಗಿಳಿದು ಮುಂದೆ ನಡೆದು ಹೋಗಿ ಲೀಡರ್ ಬದಲಿಸುತ್ತಿದ್ದಾರೆ ಅಂತ ಲೆಕ್ಕ. ನೀವು ಆ ತಂಡದ ಹಿಂದಿನ ರಾತ್ರಿಯ ಓಟದ ಗುರುತು ಉಳಿಸಿಕೊಂಡಿದ್ದರೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.